ರಜೆ ಜಾಸ್ತಿ ತಗೊಂಡಿದ್ದೀರಿ, ದುಡ್ಡು ಕಟ್ಟಿ

(ಹಾಸನದಲ್ಲಿ ಮಾಜಿ ಸೈನಿಕರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹಲವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಸೇನೆಯಲ್ಲಿದ್ದಾಗ ರಜೆ ಜಾಸ್ತಿ ತಗೊಂಡಿದ್ದೀರಿ ಅಂತ ದುಡ್ಡು ಕಡಿದಿದ್ದಾರೆ, ಏನು ಮಾಡುವುದು? ಅದಕ್ಕೇ ಇವತ್ತು ಬೇರೆ ವಿಷಯ ಮುಟ್ಟುವುದಿಲ್ಲ.

ಹದಿನೇಳು, ಇಪ್ಪತ್ತು ವರ್ಷ ಸರ್ವಿಸ್ ಮಾಡಿ ಊರಿಗೆ ಬಂದವರ ಕೈಗೆ ಫೈನಲ್ ಸೆಟಲ್‌ಮೆಂಟಿನ ಲೆಕ್ಕ ಬರುತ್ತದೆ. ಒಂದು ಕಡೆ ಪ್ರಾವಿಡೆಂಟ್ ಫಂಡು, ಉಳಿದ ರಜೆಯ ನಗದು, ಕೊನೆಯ ತಿಂಗಳ ಸಂಬಳ. ಇನ್ನೊಂದು ಕಡೆ ಒಂದೇ ಒಂದು ಸಾಲು: ಎಕ್ಸೆಸ್ ಲೀವ್ (ಹಕ್ಕಿಗಿಂತ ಜಾಸ್ತಿ ತಗೊಂಡ ರಜೆ), ಇಷ್ಟು ದಿನ, ಇಷ್ಟು ರೂಪಾಯಿ ಡೆಬಿಟ್. ಯಾವ ವರ್ಷದ ರಜೆ, ಯಾವ ತಾರೀಕಿಂದ ಯಾವ ತಾರೀಕಿನವರೆಗೆ, ಏನೂ ಇರುವುದಿಲ್ಲ. ಮನೆ ಕಟ್ಟೋಣ, ಬೋರ್‌ವೆಲ್ ಕೊರೆಸೋಣ ಅಂತ ಲೆಕ್ಕ ಹಾಕಿಕೊಂಡು ಬಂದವರಿಗೆ ಸಾಲಗಾರ ಅಂತ ಹೆಸರು.

ಆಗ ನಮ್ಮವರು ಮಾಡುವುದು ಎರಡೇ ಕೆಲಸ. ಕೆಲವರು "ಹೋಗಲಿ ಬಿಡು, ಸರ್ಕಾರದ ಜೊತೆ ಯಾರು ಗುದ್ದಾಡುತ್ತಾರೆ" ಅಂತ ಸುಮ್ಮನಾಗುತ್ತಾರೆ. ಇನ್ನು ಕೆಲವರು ಸಿಟ್ಟಿನಲ್ಲಿ ನಾಲ್ಕು ಪುಟದ ಅರ್ಜಿ ಬರೆಯುತ್ತಾರೆ. ಸಿಯಾಚಿನ್, ರಾಜಸ್ಥಾನದ ಬಿಸಿಲು, ಮಗಳ ಮದುವೆ, ಎಲ್ಲ ಅದರಲ್ಲಿ ಇರುತ್ತದೆ. ತಾರೀಕು ಮಾತ್ರ ಇರುವುದಿಲ್ಲ. ಆ ಅರ್ಜಿ ಓದುವ ಅಕೌಂಟ್ಸ್ ಗುಮಾಸ್ತರಿಗೆ ಬೇಕಾಗಿರುವುದು ತಾರೀಕು ಮಾತ್ರ.

ನಾನು ಸೇನೆಯಲ್ಲಿದ್ದಾಗ ಕ್ಲರ್ಕ್ ಮೇಜಿನ ಆ ಕಡೆ ಕೂತವನು. ಅಲ್ಲಿಂದ ಈ ಸಾಲ ಹೇಗೆ ಹುಟ್ಟುತ್ತದೆ ಅಂತ ಮೊದಲು ಹೇಳುತ್ತೇನೆ.

ಜವಾನರಿಗೂ ಜೆಸಿಒಗಳಿಗೂ (ಜವಾನರಿಗೂ ಅಧಿಕಾರಿಗಳಿಗೂ ನಡುವಿನ ದರ್ಜೆಯವರು) ವರ್ಷಕ್ಕೆ 60 ದಿನ ಎ.ಎಲ್. ಅಂದರೆ ವಾರ್ಷಿಕ ರಜೆ, 30 ದಿನ ಸಿ.ಎಲ್. ಅಂದರೆ ಸಾಂದರ್ಭಿಕ ರಜೆ. ಇದು ಎಲ್ಲರಿಗೂ ಗೊತ್ತು. ನೀವು ಛುಟ್ಟಿ ಹೋದಾಗ ಯೂನಿಟ್ ಒಂದು ಪಾರ್ಟ್ ಟು ಆರ್ಡರ್ ಹೊರಡಿಸುತ್ತದೆ. ಇಂಥ ನಂಬರಿನ ಇಂಥವರು ಇಂಥ ತಾರೀಕಿನಿಂದ ರಜೆಯಲ್ಲಿದ್ದಾರೆ ಅಂತ. ಅದು ನಿಮ್ಮ ಸೇವಾ ದಾಖಲೆ ಇಡುವ ಕಚೇರಿ ರೆಕಾರ್ಡ್ಸ್‌ಗೂ ಹೋಗುತ್ತದೆ, ನಿಮ್ಮ ಸಂಬಳದ ಲೆಕ್ಕ ಇಡುವ ಪಿಎಒಗೂ (ಪೇ ಅಕೌಂಟ್ಸ್ ಆಫೀಸ್) ಹೋಗುತ್ತದೆ. ಪಿಎಒ ಸೇನೆಯದಲ್ಲ, ಡಿಫೆನ್ಸ್ ಅಕೌಂಟ್ಸ್ ಇಲಾಖೆಯದು. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅವರಿಗೆ ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನವರಿಗೆ ತಮಿಳುನಾಡಿನ ವೆಲಿಂಗ್ಟನ್‌ನಲ್ಲಿ. ಅಲ್ಲಿ ಕೂತವರು ನಿಮ್ಮ ಮುಖ ನೋಡಿರುವುದಿಲ್ಲ. ನೀವು ಗೇಟಿನಿಂದ ಹೊರಗೆ ಹೋಗಿದ್ದನ್ನೂ ಒಳಗೆ ಬಂದಿದ್ದನ್ನೂ ಅವರು ಕಂಡಿಲ್ಲ. ನಮ್ಮ ಕಾಫಿ ತೋಟದ ಚೆಕ್‌ರೋಲ್ ಇದ್ದಂತೆ ಇದು: ಹಾಜರಿ ಹಾಕುವ ರೈಟರ್ ಬೇರೆ, ಬಟವಾಡೆ ಮಾಡುವವರು ಬೇರೆ. ರೈಟರ್ ತಪ್ಪು ಗೀಟು ಹಾಕಿದರೆ ಬಟವಾಡೆ ಕಿಟಕಿಯಲ್ಲಿ ಕೂಗಾಡಿ ಪ್ರಯೋಜನವಿಲ್ಲ.

ಹಾಗಾಗಿ ಪಿಎಒಗೆ "ನಾನು ರಜೆ ಜಾಸ್ತಿ ತಗೊಂಡಿಲ್ಲ" ಅಂತ ಬರೆದರೆ ಅವರ ಉತ್ತರ ಒಂದೇ: ಪಾರ್ಟ್ ಟು ಆರ್ಡರ್ ಪ್ರಕಾರ ಕಡಿದಿದ್ದೇವೆ. ಅವರು ಸುಳ್ಳು ಹೇಳುತ್ತಿಲ್ಲ. ತಪ್ಪು ಪಾರ್ಟ್ ಟು ಆರ್ಡರ್ ಇದ್ದರೆ ಅದನ್ನು ರದ್ದು ಮಾಡುವ ಇನ್ನೊಂದು ಪಾರ್ಟ್ ಟು ಬರಬೇಕು. ಅದು ಯೂನಿಟ್‌ನಿಂದ ಬರಬೇಕು. ನೀವು ಡಿಸ್ಚಾರ್ಜ್ ಆಗಿದ್ದರೆ ರೆಕಾರ್ಡ್ಸ್ ಮೂಲಕ ಬರಬೇಕು. ಜಗಳ ಯಾರ ಜೊತೆ ಅಂತ ಗೊತ್ತಾಯಿತಲ್ವಾ?

ಅರಕಲಗೂಡು ಕಡೆಯ ನಾಯಕ್ ದರ್ಜೆಯ ಒಬ್ಬರು ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ಹೆಸರು ಬೇಡ. ಅವರ ಮೇಲೆ 28 ದಿನ ಎಕ್ಸೆಸ್ ಲೀವ್ ಹಾಕಿದ್ದರು. ಒಂದು ವರ್ಷದಲ್ಲಿ 118 ದಿನ ರಜೆ ತಗೊಂಡಿದ್ದಾರಂತೆ. ಅವರು ಹೇಳುತ್ತಾರೆ, "ಸಾಹೇಬ್ರೇ, 118 ದಿನ ರಜೆ ಕೊಡುವಂಥ ಸಿಒ (ಕಮಾಂಡಿಂಗ್ ಆಫೀಸರ್) ಇದ್ದಿದ್ದರೆ ನಾನು ಪೆನ್ಷನ್ ಬರೋದೇ ಇಲ್ಲ, ಅಲ್ಲೇ ಇರ್ತಿದ್ದೆ."

ಕಾಗದ ತರಿಸಿ ನೋಡಿದೆವು. ಆ ವರ್ಷ ಸಿ.ಎಲ್. 30 ಮುಗಿದಿತ್ತು, ಸರಿ. ಎ.ಎಲ್. ಎರಡು ಕಂತು, 32 ದಿನ ಒಮ್ಮೆ, 28 ದಿನ ಒಮ್ಮೆ. ಅಲ್ಲಿಗೆ 60. ಒಟ್ಟು 90. ಹಾಗಾದರೆ ಇನ್ನೊಂದು 28 ಎಲ್ಲಿಂದ ಬಂತು? ಅವರಿಗೆ ಅದೇ ಸಮಯಕ್ಕೆ ಪೋಸ್ಟಿಂಗ್ ಆಗಿತ್ತು. ಹಳೇ ಯೂನಿಟ್ ಅವರ ರಜೆಯನ್ನು ಮಾರ್ಚ್ 3ರಿಂದ 30ರವರೆಗೆ ಅಂತ ಪಾರ್ಟ್ ಟು ಮಾಡಿತ್ತು. ಹೊಸ ಯೂನಿಟ್‌ನವರು ಲೀವ್ ಸರ್ಟಿಫಿಕೇಟ್ ನೋಡಿ, ತಮ್ಮಲ್ಲಿ ದಾಖಲೆ ಇಲ್ಲ ಅಂತ, ಮಾರ್ಚ್ 4ರಿಂದ 31ರವರೆಗೆ ಅಂತ ಇನ್ನೊಂದು ಮಾಡಿದ್ದರು. ಎರಡು ಆರ್ಡರ್, ಎರಡು ನಂಬರ್, ಎರಡು ಸಹಿ. ಒಬ್ಬ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಸಲ ರಜೆಯಲ್ಲಿರುವುದಕ್ಕೆ ಆಗುತ್ತಾ ಅಂತ ಯಾರೂ ಕೇಳಿಕೊಳ್ಳಲಿಲ್ಲ.

ಇಲ್ಲಿ ಒಂದು ಒಳಗಿನ ಮಾತು ಹೇಳುತ್ತೇನೆ, ಬರೆದುಕೊಳ್ಳಿ. ಜವಾನ ರಜೆಯಲ್ಲಿದ್ದಾಗ ಲಂಗರಿನಲ್ಲಿ, ಅಂದರೆ ಯೂನಿಟ್ಟಿನ ಅಡುಗೆಮನೆಯಲ್ಲಿ, ಊಟ ಮಾಡುವುದಿಲ್ಲ. ಹಾಗಾಗಿ ಆ ದಿನಗಳಿಗೆ ರೇಷನ್ ಮನಿ ಬರುತ್ತದೆ. ಹಳೇ ಪೇ ಸ್ಲಿಪ್‌ಗಳಲ್ಲಿ ಹುಡುಕಿ. ಈ ನಾಯಕ್‌ಗೆ ಆ ವರ್ಷ 90 ದಿನದ ರೇಷನ್ ಮನಿ ಬಂದಿತ್ತು, 118 ದಿನದ್ದಲ್ಲ. ನಮ್ಮ ಪತ್ರದಲ್ಲಿ ಬರೆದದ್ದು ಇಷ್ಟೇ: 118 ದಿನ ರಜೆಯಲ್ಲಿದ್ದರೆ 28 ದಿನದ ರೇಷನ್ ಮನಿ ಕೊಡಬೇಕು, ಇಲ್ಲದಿದ್ದರೆ 28 ದಿನದ ಡೆಬಿಟ್ ತೆಗೆಯಬೇಕು, ಎರಡರಲ್ಲಿ ಯಾವುದು ಅಂತ ತಿಳಿಸಿ. ಎರಡೂ ಪಾರ್ಟ್ ಟು ನಂಬರ್ ಕೊಟ್ಟೆವು. ಪತ್ರ ಒಂದು ಪುಟ ದಾಟಲಿಲ್ಲ. ತಿಂಗಳುಗಟ್ಟಲೆ ಹಿಡಿಯಿತು, ನಡುವೆ ಎರಡು ನೆನಪೋಲೆ ಹೋದವು, ಆದರೆ ಎರಡನೇ ಆರ್ಡರ್ ರದ್ದಾಯಿತು, ದುಡ್ಡು ಬಂತು.

ಇನ್ನೊಂದು ಸಾಕ್ಷಿ ರೈಲ್ವೆ ವಾರಂಟ್, ಅಂದರೆ ಸರ್ಕಾರದ ಖರ್ಚಿನಲ್ಲಿ ರೈಲು ಹತ್ತುವ ಚೀಟಿ. ವರ್ಷಕ್ಕೊಂದು ಫ್ರೀ ವಾರಂಟ್ ನಮಗಿತ್ತು, ಉಳಿದ ಸಲ ಫಾರಂ ಡಿ ಕನ್ಸೆಷನ್, ಅಂದರೆ ಟಿಕೆಟ್ಟಿನಲ್ಲಿ ರಿಯಾಯಿತಿ. ಯಾವ ರಜೆಗೆ ಯಾವುದು ಕೊಟ್ಟರು ಅನ್ನುವುದಕ್ಕೂ ದಾಖಲೆ ಇರುತ್ತದೆ. ಇವರು ರಜೆ ಅಂತ ತೋರಿಸಿದ ದಿನ ನೀವು ಗಾರ್ಡ್ ಡ್ಯೂಟಿಯಲ್ಲಿದ್ದರೆ, ಫೈರಿಂಗ್ ರೇಂಜಿನಲ್ಲಿದ್ದರೆ, ಕೋರ್ಸಿಗೆ ಹೋಗಿದ್ದರೆ, ಅದಕ್ಕೂ ಕಾಗದ ಇರುತ್ತದೆ. ಆದರೆ ಬೇಗ ಕೇಳಬೇಕು. ಯೂನಿಟ್‌ಗಳಲ್ಲಿ ಬೋರ್ಡ್ ಕೂರಿಸಿ ಹಳೇ ರಿಜಿಸ್ಟರ್ ಸುಡುತ್ತಾರೆ. ನೀವೇ ಎಷ್ಟೋ ಜನ ಆ ಫಟೀಗ್ ಕೆಲಸ ಮಾಡಿದ್ದೀರಿ.

ಎರಡೆರಡು ಸಲ ಬರೆಯುವುದು ಒಂದು ಬಗೆ. ಇನ್ನೊಂದು, ವಾಪಸ್ ಬಂದಿದ್ದನ್ನು ಬರೆಯದೇ ಬಿಡುವುದು. 1999ರಲ್ಲಿ ಕಾರ್ಗಿಲ್ ಸಮಯದಲ್ಲಿ, 2001ರ ಡಿಸೆಂಬರ್‌ನಲ್ಲಿ ಆಪರೇಷನ್ ಪರಾಕ್ರಮ್ (ಪಾಕಿಸ್ತಾನದ ಗಡಿಗೆ ಸೇನೆ ಸೇರಿಸಿದ್ದು) ಶುರುವಾದಾಗ ರಜೆಯಲ್ಲಿದ್ದವರನ್ನು ವಾಪಸ್ ಕರೆದರು. ಅರಸೀಕೆರೆಯಲ್ಲಿ ಇಳಿದು ಮನೆಯಲ್ಲಿ ಎರಡು ರಾತ್ರಿ ಮಲಗಿದವರು ಮತ್ತೆ ಅರಸೀಕೆರೆಗೇ ಬಂದು ರೈಲು ಹತ್ತಿದರು. ಯೂನಿಟ್ ಆಗಲೇ ಗಡಿಗೆ ಹೊರಟಿತ್ತು. ಅಂಥ ಗಡಿಬಿಡಿಯಲ್ಲಿ ವಾಪಸಾತಿಯ ಪಾರ್ಟ್ ಟು ತಪ್ಪಿಹೋದರೆ ಪುಸ್ತಕದಲ್ಲಿ ಆ ಮನುಷ್ಯ ಪೂರ್ತಿ ರಜೆ ಅನುಭವಿಸಿದ ಹಾಗೇ ಇರುತ್ತದೆ.

ರಜೆಯಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ದಿನಗಳೂ ಹೀಗೇ. ಡಿಸೆಂಬರ್‌ನಲ್ಲಿ ಹೊರಟು ಜನವರಿಯಲ್ಲಿ ಮರಳಿದ ರಜೆ ಯಾವ ವರ್ಷದ ಖಾತೆಗೆ ಬಿತ್ತು ಅಂತಲೂ ನೋಡಿ. ಜಮ್ಮುವಿನ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಕಾನ್ವಾಯ್‌ಗೆ ಕಾದ ದಿನಗಳನ್ನು ರಜೆಗೆ ಸೇರಿಸಿದ್ದಾರಾ ಅಂತ ನೋಡಿ.

ಎಕ್ಸ್‌ಟೆನ್ಷನ್ (ರಜೆ ಮುಂದುವರಿಸಿಕೊಳ್ಳುವುದು) ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 2019ರ ಆಗಸ್ಟ್ ನೆನಪಿದೆಯಲ್ಲ, ಮೂಡಿಗೆರೆ ತಾಲ್ಲೂಕಿನ ಮಲೆಮನೆ ಊರಿಗೆ ಊರೇ ಗುಡ್ಡ ಕುಸಿದು ಹೋಯಿತು. ಅಂಥ ಊರಿನ ಹುಡುಗ ಆಗ ರಜೆಗೆ ಬಂದಿದ್ದಾನೆ ಅಂದುಕೊಳ್ಳಿ. ಮನೆ ಇಲ್ಲ, ಅಪ್ಪ ಅಮ್ಮ ಪರಿಹಾರ ಕೇಂದ್ರದಲ್ಲಿ. ಅವನು ಕಂಪನಿಗೆ ಫೋನ್ ಮಾಡುತ್ತಾನೆ. ಸೀನಿಯರ್ ಜೆಸಿಒ "ಸರಿ, ಹತ್ತು ದಿನ ಇದ್ದು ಬಾ" ಅನ್ನುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಆ ಹತ್ತು ದಿನ ಕಾಗದದ ಮೇಲೆ ಬರಲಿಲ್ಲ ಅಂದರೆ, ಹತ್ತು ವರ್ಷದ ಮೇಲೆ ಆ ಜೆಸಿಒ ಪೆನ್ಷನ್ ಹೋಗಿರುತ್ತಾರೆ, ಹತ್ತು ದಿನದ ಡೆಬಿಟ್ ಮಾತ್ರ ಉಳಿದಿರುತ್ತದೆ. ಸರ್ವಿಸ್‌ನಲ್ಲಿರುವ ಮಕ್ಕಳಿಗೆ ಹೇಳಿ: ಫೋನಿನಲ್ಲಿ ಸಿಕ್ಕ ಎಕ್ಸ್‌ಟೆನ್ಷನ್ ಅದೇ ದಿನ ಮೆಸೇಜಿನಲ್ಲೋ ಮೇಲ್‌ನಲ್ಲೋ ಬರಲಿ. ತಹಶೀಲ್ದಾರ್ ಕಚೇರಿಯಿಂದ ಒಂದು ಪತ್ರ ಇರಲಿ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಊರಲ್ಲೇ ಉಳಿದವರು ಆ ದಿನಗಳನ್ನು ಯಾವ ಲೆಕ್ಕಕ್ಕೆ ಹಾಕಿದ್ದಾರೆ ಅಂತ ಈಗಲೇ ನೋಡಿಕೊಳ್ಳಲಿ.

ಈಗ ಸ್ವಲ್ಪ ಕಹಿ ಮಾತು. ನಿಜವಾಗಿಯೂ ಓವರ್‌ಸ್ಟೇ ಮಾಡಿದವರೂ ನಮ್ಮಲ್ಲಿ ಇದ್ದಾರೆ. ರಾಗಿ ಕುಯ್ಲು ಮುಗಿಯಲಿ, ಹಬ್ಬ ಮುಗಿಯಲಿ ಅಂತ ಉಳಿದವರು. ಅದು ಬೇರೆ ಕೇಸು. 1950ರ ಆರ್ಮಿ ಆಕ್ಟ್‌ನ ಸೆಕ್ಷನ್ 39ರಲ್ಲಿ ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು ಅಪರಾಧ. ಸೆಕ್ಷನ್ 91ರ ಪ್ರಕಾರ ರಜೆಯಿಲ್ಲದೆ ಗೈರಾದ ಪ್ರತಿ ದಿನದ ಸಂಬಳ, ಭತ್ಯೆ ಕಡಿಯಬಹುದು. ಅಂಥವರು ಕೋರ್ಟಿನ ತೀರ್ಪು ಹಿಡಿದುಕೊಂಡು ಬಂದರೆ ನಾನು ಸಹಾಯ ಮಾಡಲಾರೆ.

ಆದರೆ ಓವರ್‌ಸ್ಟೇ ಬೇರೆ, ಎಕ್ಸೆಸ್ ಲೀವ್ ಬೇರೆ. ಎಷ್ಟೋ ಸಲ ಕಾಗದದಲ್ಲಿ ಎರಡನ್ನೂ ಕಲಸಿ ಹಾಕಿರುತ್ತಾರೆ. ಓವರ್‌ಸ್ಟೇ ಅಂದರೆ ರಜೆ ಮುಗಿದ ಮೇಲೂ ನೀವು ಬರಲಿಲ್ಲ. ಹಾಗಿದ್ದರೆ ಸಾಮಾನ್ಯವಾಗಿ ನಿಮ್ಮನ್ನು ಸಿಒ ಮುಂದೆ ಮಾರ್ಚ್ ಮಾಡಿಸಿರಬೇಕು, ಶಿಕ್ಷೆ ದಾಖಲಾಗಿರಬೇಕು. 30 ದಿನ ಅನುಮತಿ ಇಲ್ಲದೆ ಗೈರಾದರೆ ಸೆಕ್ಷನ್ 106ರಲ್ಲಿ ಕೋರ್ಟ್ ಆಫ್ ಎನ್‌ಕ್ವೈರಿ ಆಗಲೇಬೇಕು. ಇವ್ಯಾವುದೂ ಇಲ್ಲದೆ, ಕ್ಯಾರೆಕ್ಟರ್ ಎಕ್ಸೆಂಪ್ಲರಿ (ನಡತೆ ಆದರ್ಶಪ್ರಾಯ) ಅಂತ ಬರೆದು ಮನೆಗೆ ಕಳಿಸಿದ ಮೇಲೆ ಓವರ್‌ಸ್ಟೇ ಅಂದರೆ, ಶಿಕ್ಷೆಯ ದಾಖಲೆ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ದಿನ ಎಣಿಸುವುದಕ್ಕೂ ಕಾನೂನು ಇದೆ, ಸೆಕ್ಷನ್ 92. ಸತತ ಆರು ಗಂಟೆಯಾದರೂ ಗೈರಾಗದೆ ಒಂದು ದಿನ ಅಂತ ಎಣಿಸುವಂತಿಲ್ಲ. ನಿಮ್ಮ ಡ್ಯೂಟಿ ಇನ್ನೊಬ್ಬರ ತಲೆಗೆ ಬಿದ್ದಿದ್ದರೆ ಮಾತ್ರ ಅದಕ್ಕಿಂತ ಕಮ್ಮಿ ಹೊತ್ತನ್ನೂ ದಿನ ಅಂತ ಎಣಿಸಬಹುದು. ರೈಲು ಐದು ಗಂಟೆ ಲೇಟಾಗಿದ್ದಕ್ಕೆ ಒಂದು ದಿನ ಕಡಿದಿದ್ದರೆ ಅದನ್ನು ಪ್ರಶ್ನಿಸಬಹುದು.

ಎಕ್ಸೆಸ್ ಲೀವ್ ಅಂದರೆ ಹಾಗಲ್ಲ. ರಜೆ ಮಂಜೂರಾಗಿದೆ, ಅಧಿಕಾರಿ ಸಹಿ ಮಾಡಿದ್ದಾರೆ, ನೀವು ಟೈಮಿಗೆ ವಾಪಸ್ ಬಂದಿದ್ದೀರಿ. ಆಮೇಲೆ ಯಾರೋ ಎಣಿಸಿ ಇದು ಹಕ್ಕಿಗಿಂತ ಜಾಸ್ತಿ ಅನ್ನುತ್ತಾರೆ. ಇಲ್ಲಿ ಮೋಸ ಇಲ್ಲ, ಸುಳ್ಳು ಇಲ್ಲ. ರಜೆಯ ಖಾತೆ ನಿಮ್ಮ ಕೈಯಲ್ಲಿ ಇರಲೂ ಇಲ್ಲ.

ಇಂಥ ಜಾಗದಲ್ಲಿ ಕೆಲಸಕ್ಕೆ ಬರುವುದು ಸುಪ್ರೀಂ ಕೋರ್ಟಿನ ರಫೀಕ್ ಮಸೀಹ್ ತೀರ್ಪು, 2014ರ ಡಿಸೆಂಬರ್ 18ರದು. ಸರ್ಕಾರದ ತಪ್ಪಿನಿಂದ ಜಾಸ್ತಿ ದುಡ್ಡು ಹೋಗಿದ್ದರೆ ಕೆಲವು ಸಂದರ್ಭಗಳಲ್ಲಿ ವಾಪಸ್ ಕೇಳಬಾರದು ಅಂತ ಅದು ಹೇಳುತ್ತದೆ. ನಿವೃತ್ತರಾದವರಿಂದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಕೇಳುವಂತಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಕಾಲ ಕೊಡುತ್ತಾ ಬಂದು ಆಮೇಲೆ ವಸೂಲಿ ಅನ್ನುವಂತಿಲ್ಲ. 2016ರ ಮಾರ್ಚ್ 2ರಂದು ಕೇಂದ್ರದ ಸಿಬ್ಬಂದಿ ಇಲಾಖೆ ಇದನ್ನೇ ಸುತ್ತೋಲೆಯಾಗಿ ಹೊರಡಿಸಿತು. ಮನ್ನಾ ಮಾಡಲು ವೆಚ್ಚ ಇಲಾಖೆಯ ಒಪ್ಪಿಗೆ ಬೇಕು ಅಂತ ಒಂದು ಗಂಟೂ ಹಾಕಿತು.

ಇದಕ್ಕಿಂತ ನಮಗೆ ಹತ್ತಿರದ್ದು 2022ರ ಮೇ 2ರ ಥಾಮಸ್ ಡೇನಿಯಲ್ ತೀರ್ಪು. ಕೇರಳದ ಒಬ್ಬ ಮೇಷ್ಟ್ರು. 1970ರ ದಶಕದಲ್ಲಿ ಓದಲು ಸಂಬಳವಿಲ್ಲದ ರಜೆ ಹಾಕಿದ್ದರು. ಆ ರಜೆಯನ್ನೂ ಸರ್ವಿಸ್ ಅಂತ ಎಣಿಸಿ ಇನ್‌ಕ್ರಿಮೆಂಟ್ ಕೊಟ್ಟುಬಿಟ್ಟಿದ್ದರು. 1999ರಲ್ಲಿ ನಿವೃತ್ತರಾಗುವ ಹೊತ್ತಿಗೆ ವಸೂಲಿಯ ತಕರಾರು ಶುರುವಾಯಿತು. ಮೇಷ್ಟ್ರ ಕಡೆಯಿಂದ ಮೋಸ ಇಲ್ಲ, ತಪ್ಪು ಅಧಿಕಾರಿಗಳದು, ವಸೂಲಿ ಬೇಡ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಬ್ದುಲ್ ನಜೀರ್, ನಮ್ಮ ಮೂಡುಬಿದಿರೆ ಕಡೆಯವರು.

ಇಷ್ಟು ಕೇಳಿ ಖುಷಿಯಾಗಬೇಡಿ. 2016ರ ಜಗದೇವ್ ಸಿಂಗ್ ತೀರ್ಪು ಇನ್ನೊಂದು ಕಡೆ ಎಳೆಯುತ್ತದೆ. ಜಾಸ್ತಿ ಬಂದಿದ್ದರೆ ವಾಪಸ್ ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟವರು ಆಮೇಲೆ ಇಲ್ಲ ಅನ್ನುವಂತಿಲ್ಲ. ಡಿಸ್ಚಾರ್ಜ್ ಡ್ರಿಲ್‌ನಲ್ಲಿ ನಿಮ್ಮ ಮುಂದೆ ಕಟ್ಟು ಕಾಗದ ಇಟ್ಟು "ಇಲ್ಲಿ ಸಹಿ, ಇಲ್ಲಿ ಸಹಿ" ಅಂದಾಗ ನೀವು ಓದದೇ ಹಾಕಿದಿರಲ್ಲ, ಅದರಲ್ಲಿ ಇಂಥದ್ದೂ ಇರಬಹುದು. ಮೊದಲು ಅದನ್ನು ತರಿಸಿ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ರಫೀಕ್ ಮಸೀಹ್ ಮೊದಲ ಪತ್ರದಲ್ಲಿ ಬೇಡ. ನಮ್ಮ ವಕೀಲರಿಗೆ ಆ ಹೆಸರು ಅಂದರೆ ಪ್ರೀತಿ, ಮೊದಲ ಸಾಲಿಗೇ ಹಾಕುತ್ತಾರೆ. ಅದನ್ನು ಮೊದಲು ಎತ್ತಿದರೆ ನೀವು ಏನು ಒಪ್ಪಿಕೊಂಡ ಹಾಗಾಯಿತು? ಹೌದು, ಜಾಸ್ತಿ ಬಂದಿದೆ, ಆದರೆ ಬಿಟ್ಟುಬಿಡಿ ಅಂತ. ಸಾಲವೇ ಇಲ್ಲದಿರುವಾಗ ದಯೆ ಯಾಕೆ ಕೇಳಬೇಕು? ಮೊದಲು ಲೆಕ್ಕ ಕೇಳಿ. ಲೆಕ್ಕ ಸರಿ ಅಂತ ಗೊತ್ತಾದ ಮೇಲೆ ತೀರ್ಪು ಎತ್ತಿ.

ಲೆಕ್ಕ ಕೇಳುವುದು ಹೇಗೆ? ರೆಕಾರ್ಡ್ಸ್‌ಗೆ ಒಂದು ಪತ್ರ, ಅದರ ಪ್ರತಿ ಪಿಎಒಗೆ, ಸ್ಪೀಡ್ ಪೋಸ್ಟಿನಲ್ಲಿ. ಆ ವರ್ಷದ ಪ್ರತಿ ರಜೆಯ ಪಾರ್ಟ್ ಟು ನಂಬರ್ ಮತ್ತು ತಾರೀಕು, ಡೆಬಿಟ್ ಹಾಕುವ ಮೊದಲು ನಿಮಗೆ ಕೊಟ್ಟ ನೋಟಿಸಿನ ಪ್ರತಿ, ಯಾವ ನಿಯಮದಲ್ಲಿ ಕಡಿದರು ಅನ್ನುವುದು. ಇಷ್ಟು ಸಾಕು. ನೋಟಿಸ್ ಕೊಡದೆ ಕಡಿದಿದ್ದರೆ ಅದೇ ಒಂದು ದೊಡ್ಡ ಲೋಪ. ರೈಲ್ವೆ ನೌಕರ ಭಗವಾನ್ ಶುಕ್ಲಾ ಕೇಸಿನಲ್ಲಿ 1994ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಉತ್ತರ ಬರಲಿಲ್ಲ ಅಂದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ. ಬಿಎಸ್‌ಎಫ್, ಸಿಆರ್‌ಪಿಎಫ್‌ಗೆ ಆರ್‌ಟಿಐನಿಂದ ವಿನಾಯಿತಿ ಇದೆ, ಭೂಸೇನೆಗೆ ಆ ವಿನಾಯಿತಿ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

ಅಲ್ಲೂ ಬಗೆಹರಿಯದಿದ್ದರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್, ಸೈನಿಕರ ಸರ್ವಿಸ್ ಕೇಸು ಕೇಳುವ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿಯ ಪೀಠ. ಇಲ್ಲಿ ಒಂದು ಹಳ್ಳ ಇದೆ, ನೋಡಿಕೊಂಡು ಕಾಲಿಡಿ. 2007ರ ಟ್ರಿಬ್ಯುನಲ್ ಕಾಯ್ದೆಯ ಸೆಕ್ಷನ್ 3ರಲ್ಲಿ ಯಾವ ವಿಷಯ ಕೇಳುತ್ತೇವೆ, ಯಾವುದು ಕೇಳುವುದಿಲ್ಲ ಅಂತ ಬರೆದಿದೆ. ಸಂಬಳ, ಭತ್ಯೆ, ಪೆನ್ಷನ್ ಕೇಳುತ್ತಾರೆ. ಪೋಸ್ಟಿಂಗ್, ವರ್ಗಾವಣೆ ಕೇಳುವುದಿಲ್ಲ. ಯಾವುದೇ ಬಗೆಯ ರಜೆಯನ್ನೂ ಕೇಳುವುದಿಲ್ಲ. ಹಾಗಾಗಿ "ನನ್ನ ರಜೆಯನ್ನು ತಪ್ಪಾಗಿ ಎಣಿಸಿದ್ದಾರೆ, ರಜೆ ಮಂಜೂರು ಮಾಡಿಸಿ" ಅಂತ ಅರ್ಜಿ ಬರೆದರೆ ಎದುರು ವಕೀಲರು ಮೊದಲ ದಿನವೇ ಎದ್ದು ನಿಲ್ಲುತ್ತಾರೆ: ಇದು ರಜೆಯ ವಿಷಯ, ಇಲ್ಲಿ ಬರುವಂತಿಲ್ಲ. "ನನಗೆ ಬರಬೇಕಾದ ದುಡ್ಡಿನಿಂದ ಇಷ್ಟು ರೂಪಾಯಿಯನ್ನು ಆಧಾರವಿಲ್ಲದೆ, ನೋಟಿಸಿಲ್ಲದೆ ಕಡಿದಿದ್ದಾರೆ" ಅಂತ ಬರೆಯಿರಿ. ಅದೇ ಸಂಗತಿ, ಆದರೆ ಈಗ ಅದು ಸಂಬಳದ ವಿಷಯ. ಮೊದಲ ಪತ್ರದಿಂದಲೇ ಈ ಭಾಷೆ ಇರಲಿ, ಯಾಕೆಂದರೆ ಟ್ರಿಬ್ಯುನಲ್ ಆ ಪತ್ರವನ್ನೂ ಓದುತ್ತದೆ.

ಟೈಮೂ ಮುಖ್ಯ. ನೇರವಾಗಿ ಟ್ರಿಬ್ಯುನಲ್‌ಗೆ ಹೋಗುವಂತಿಲ್ಲ. ಮೊದಲು ಇಲಾಖೆಗೆ ಅರ್ಜಿ ಕೊಡಬೇಕು. ಸರ್ವಿಸ್‌ನಲ್ಲಿರುವ ಜವಾನರಿಗೆ ಆರ್ಮಿ ಆಕ್ಟ್ ಸೆಕ್ಷನ್ 26ರ ದೂರು ಇದೆ. ಆರು ತಿಂಗಳಾದರೂ ಉತ್ತರ ಬರದಿದ್ದರೆ ಟ್ರಿಬ್ಯುನಲ್‌ನ ಬಾಗಿಲು ತೆರೆಯುತ್ತದೆ. ಕೊನೆಯ ಉತ್ತರ ಬಂದಿದ್ದರೆ ಅಲ್ಲಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಬಹುದು, ಆದರೆ ಅದೇ ಇನ್ನೊಂದು ಕೇಸಾಗುತ್ತದೆ. ಅದಕ್ಕೇ ಪೋಸ್ಟ್ ಆಫೀಸಿನ ರಸೀದಿ ಎಸೆಯಬೇಡಿ ಅನ್ನುವುದು. ವಕೀಲರಿಲ್ಲದೆ ನೀವೇ ನಿಂತು ವಾದ ಮಾಡಲೂ ಕಾಯ್ದೆಯಲ್ಲಿ ಅವಕಾಶ ಇದೆ.

ಈಗ ಪ್ರಶ್ನೆಗಳು.

ಒಬ್ಬರು ಕೇಳಿದರು, ಪೆನ್ಷನ್‌ನಿಂದಲೇ ತಿಂಗಳು ತಿಂಗಳು ಕಡಿಯುತ್ತೇವೆ ಅಂದರೆ? ಆರ್ಮಿ ಆಕ್ಟ್ ಸೆಕ್ಷನ್ 95 ಓದಿ. ಸಂಬಳದಿಂದ ಕಡಿಯಬೇಕಾದ ದುಡ್ಡನ್ನು ಸರ್ಕಾರ ನಿಮಗೆ ಕೊಡಬೇಕಾದ ಬೇರೆ ಹಣದಿಂದಲೂ ಕಡಿಯಬಹುದು, ಪೆನ್ಷನ್ ಒಂದನ್ನು ಬಿಟ್ಟು. ಈ ಮಾತು ಕಾಯ್ದೆಯಲ್ಲೇ ಇದೆ. ಹಾಗಾಗಿಯೇ ಅವರು ಫೈನಲ್ ಸೆಟಲ್‌ಮೆಂಟಿನಲ್ಲಿ, ರಜೆ ನಗದಿನಲ್ಲಿ ಹಿಡಿಯುವುದು. ಪೆನ್ಷನ್ ಮುಟ್ಟಿದರೆ ಯಾವ ಅಧಿಕಾರದಲ್ಲಿ ಅಂತ ಲಿಖಿತವಾಗಿ ಕೇಳಿ. ನೀವು ಒಪ್ಪಿಗೆ ಕೊಟ್ಟಿದ್ದೀರಿ ಅಂದರೆ ಆ ಒಪ್ಪಿಗೆ ಪತ್ರದ ಪ್ರತಿ ಕೇಳಿ.

ಇನ್ನೊಬ್ಬರ ಪ್ರಶ್ನೆ, ನಾಲ್ಕೈದು ಸಾವಿರಕ್ಕೆಲ್ಲ ಇಷ್ಟು ಓಡಾಟ ಬೇಕಾ? ಟ್ರಿಬ್ಯುನಲ್‌ವರೆಗೆ ಬೇಡ, ಬಸ್ ಚಾರ್ಜಿಗೇ ಅದು ಹೋಗುತ್ತದೆ. ಆದರೆ ಒಂದು ಪತ್ರ ಬರೆಯಿರಿ. ರಜೆ ನಗದೀಕರಣಕ್ಕೆ 300 ದಿನದ ಮಿತಿ ಇದೆ. ಅಷ್ಟು ತುಂಬದವರಿಗೆ ಅದೇ ತಪ್ಪು ದಿನಗಳು ಆ ಖಾತೆಯನ್ನೂ ತಿಂದಿರಬಹುದು. ಆಗ ನಷ್ಟ ಎರಡು ಕಡೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು, ಯಜಮಾನರು ತೀರಿಕೊಂಡರು, ಡೆಬಿಟ್ ಅವರ ಹೆಸರಲ್ಲಿ ಬಂದಿತ್ತು, ನಾನು ಕೇಳಬಹುದಾ? ಕೇಳಬಹುದಮ್ಮ. ಟ್ರಿಬ್ಯುನಲ್ ಕಾಯ್ದೆಯಲ್ಲಿ ನಿವೃತ್ತರಷ್ಟೇ ಅಲ್ಲ, ಅವರ ಅವಲಂಬಿತರು, ವಾರಸುದಾರರೂ ಬರುತ್ತಾರೆ. ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. 2025ರ ಜುಲೈನಲ್ಲಿ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಸೈನಿಕ ಕುಟುಂಬಗಳಿಗೆಂದೇ ವೀರ ಪರಿವಾರ ಸಹಾಯತಾ ಯೋಜನೆ ಶುರು ಮಾಡಿದೆ, ಅದರ ಬಗ್ಗೆಯೂ ವಿಚಾರಿಸಿ. ಯಜಮಾನರ ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಆದೇಶ), ಆ ಡೆಬಿಟ್ ಬಂದ ಕಾಗದ, ಸಿಕ್ಕಷ್ಟು ಹಳೇ ಪೇ ಸ್ಲಿಪ್, ಇಷ್ಟು ತಗೊಂಡು ಬನ್ನಿ. ಪೇ ಸ್ಲಿಪ್ ಸಿಗದಿದ್ದರೂ ಪರವಾಗಿಲ್ಲ, ಅವರ ಆರ್ಮಿ ನಂಬರ್ ಇದ್ದರೆ ಮೊದಲ ಪತ್ರ ಇವತ್ತೇ ಬರೆಯಬಹುದು.